ನಮ್ಮ ಕೆಮ್ಮು ಯಾರ ಆಸ್ತಿ?

ಮಿಡಿಗೇಶಿ ಬೆಟ್ಟದ ಮೇಲಿನ ಕೋಟೆಯನ್ನು ಕುರಿತು ಬರೆದವರು ಬೇಕಾದಷ್ಟು ಜನ ಇದ್ದಾರೆ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಹೆಣ್ಣೊಬ್ಬಳಿಂದ ಊರಿಗೆ ಈ ಹೆಸರು ಬಂತು ಅಂತ ಕತೆ ಹೇಳುತ್ತಾರೆ. ಬೆಟ್ಟದ ಬುಡದ ಹಟ್ಟಿಗಳಲ್ಲಿ ರಾತ್ರಿ ಮೂರು ಗಂಟೆಗೆ ಎದ್ದು ಕೂತು ಕೆಮ್ಮುವವರನ್ನು ಕುರಿತು ಕನ್ನಡದಲ್ಲಿ ಬರೆದವರು ಕಡಿಮೆ. ನಾವು ಅಂಥ ಹಟ್ಟಿಗಳಲ್ಲಿ ಬೆಳೆದವರು. ಗೋಡೆಯಾಚೆಯ ಕೆಮ್ಮು ಕೇಳಿದರೆ ಸಾಕು, ಅದು ಯಾರದು, ಎಷ್ಟು ದಿನದ್ದು, ಎಲ್ಲಿ ಕೂಲಿಗೆ ಹೋಗಿ ತಂದದ್ದು ಅಂತ ಹೇಳಬಲ್ಲೆವು. ಕಲ್ಲು ಕ್ವಾರಿಯ ಕೆಮ್ಮು ಬೇರೆ, ಬೆಂಗಳೂರಿನ ಗಾರೆ ಕೆಲಸದ ಕೆಮ್ಮು ಬೇರೆ, ಒಲೆ ಊದಿ ಊದಿ ಬಂದ ಹೆಂಗಸರ ಕೆಮ್ಮು ಬೇರೆ. ಇದು ವಿಜ್ಞಾನ ಅಲ್ಲದೆ ಇರಬಹುದು. ತಿಳಿವಳಿಕೆಯಂತೂ ಹೌದು.

ಇಂಗ್ಲಿಷಿನಲ್ಲಿ ಮಾತ್ರ ನಮ್ಮ ಕೆಮ್ಮಿನ ಬಗ್ಗೆ ಬರೆದಿದ್ದಾರೆ. 1960–61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯನ್ನು ಆರಿಸಿಕೊಂಡು ಹಳ್ಳಿಹಳ್ಳಿಗೆ ಎಕ್ಸ್‌ರೇ ಯಂತ್ರ ಹೊತ್ತ ಗಾಡಿ ತಂದರು. ಮುಂಗೈಗೆ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ಬಂದು ಎದ್ದ ಗಂಟನ್ನು ಅಳೆದರು. ಎದೆಯ ಚಿತ್ರ ತೆಗೆದರು. ಅನುಮಾನ ಬಂದವರ ಕಫ ಹಿಡಿದರು. ಸಾವಿರ ಜನಕ್ಕೆ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿತು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಈ ಲೆಕ್ಕ ಅಚ್ಚಾಯಿತು. ನಮ್ಮ ಜಿಲ್ಲೆಯ ಕಫವನ್ನು ಜಿನೀವಾದವರು ಓದಿದ್ದಾರೆ, ನಾವು ಓದಿಲ್ಲ. ನಮ್ಮಲ್ಲಿ ಡಿಗ್ರಿ ಮಾಡಿದ ಮೊದಲ ತಲೆಮಾರಿನವರಿಗೆ ಇಂಗ್ಲಿಷ್ ಓದಲು ಬಂದ ಮೇಲೆ, ಇಷ್ಟು ವರ್ಷ ಕಳೆದು, ಅದು ಕಣ್ಣಿಗೆ ಬಿತ್ತು.

ಓದಿದಾಗ ಮೊದಲು ಬಂದದ್ದು ಸಿಟ್ಟಲ್ಲ ಅನ್ನುವುದನ್ನು ಹೇಳಿಬಿಡಬೇಕು. ಒಂದು ರೀತಿಯ ಸಂತೋಷವೇ ಬಂತು. ಯಾಕೆಂದರೆ ಈ ಕಾಲದಲ್ಲೂ ನಮ್ಮ ಕೈ ಮುಟ್ಟದೆ ಕಾಸನ್ನು ಮೇಲಿಂದ ಎಸೆಯುವವರನ್ನು ನಾವು ನೋಡಿದ್ದೇವೆ. 1960ರಲ್ಲಿ ಯಾರೋ ಹೊರಗಿನವರು ಬಂದು ಮುಂಗೈ ಹಿಡಿದು, ಗಂಟಿನ ಮೇಲೆ ಅಳತೆಪಟ್ಟಿ ಇಟ್ಟು, ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಂಡರು. ಊರೊಳಗಿನ ಕೈಗೂ ಹಟ್ಟಿಯ ಕೈಗೂ ಅದೇ ಪಟ್ಟಿ. ಚೀಟಿ ಎತ್ತಿ ಹಳ್ಳಿ ಆರಿಸುವ ಲೆಕ್ಕಶಾಸ್ತ್ರಕ್ಕೆ ಒಂದು ಗುಣ ಇದೆ. ಹಟ್ಟಿಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ನಮ್ಮನ್ನು ಬಿಟ್ಟರೆ ತಪ್ಪಾಗುವ ಕೆಲಸ ಈ ದೇಶದಲ್ಲಿ ಎಷ್ಟಿವೆ, ಗೆಳೆಯರೇ, ನೀವೇ ಎಣಿಸಿ.

ಅದೇ ಜಿಲ್ಲೆಯ ಅದೇ ಹಳ್ಳಿಗಳಿಂದ ಇನ್ನೊಂದು ಅಧ್ಯಯನ ಹೊರಟಿತು. ಅದನ್ನು ಮಾಡಿದವರು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. ಆಗ ಪೇಟೆಯ ವೈದ್ಯರ ತಲೆಯಲ್ಲಿದ್ದ ನಂಬಿಕೆ ಎಲ್ಲರಿಗೂ ಗೊತ್ತಿದ್ದದ್ದೇ. ಹಳ್ಳಿಯವನು ಮೂಢ, ಕಾಯಿಲೆ ಬಂದರೂ ತಿಳಿಯುವುದಿಲ್ಲ, ತಿಳಿದರೂ ಮಾರಮ್ಮನಿಗೆ ಹರಕೆ ಹೊತ್ತು ಸುಮ್ಮನಾಗುತ್ತಾನೆ. ಇವರಿಬ್ಬರು ರೋಗಿಗಳ ಎದೆಯನ್ನಷ್ಟೇ ನೋಡಲಿಲ್ಲ, ಬಾಯಿ ಬಿಡಿಸಿ ಕೇಳಿದರು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ನೂರಕ್ಕೆ ಸುಮಾರು 95 ಜನ ತಮಗೆ ಕೆಮ್ಮು, ಜ್ವರ, ಎದೆನೋವು ಇದೆ ಅಂತ ಹೇಳಿದರು. ಸುಮಾರು 72 ಜನಕ್ಕೆ ಅದರದ್ದೇ ಚಿಂತೆ ಹತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಜನ ಆಗಲೇ ಇಂಗ್ಲಿಷ್ ಔಷಧದ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ.

ಕ್ಷಯ ಅಂತ ಯಾರೂ ಪತ್ತೆ ಮಾಡಿರಲಿಲ್ಲ. ಹಳ್ಳಿಯವನು ಆಸ್ಪತ್ರೆಗೆ ಹೋಗಲಿಲ್ಲ ಅಂತ ದೂರುತ್ತಿದ್ದ ವೈದ್ಯ, ಹೋದವನ ಮುಖ ನೋಡದೆ ವಾಪಸ್ ಕಳಿಸಿದ್ದ. ಅಜ್ಞಾನ ಇದ್ದದ್ದು ಮೇಜಿನ ಈಚೆ ಬದಿಯಲ್ಲಲ್ಲ, ಆಚೆ ಬದಿಯಲ್ಲಿ. 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಕಟ್ಟುವಾಗ, ಕೆಮ್ಮು ಅಂತ ತಾವಾಗಿ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ನೋಡಬೇಕು ಅನ್ನುವ ಸೂತ್ರಕ್ಕೆ ತುಮಕೂರಿನ ಈ ಮಾತು ಆಧಾರವಾಯಿತು. ಅಂದರೆ ಹೆಸರಿಲ್ಲದ ನಮ್ಮ ಹಿರಿಯರು ಭಾರತ ಸರ್ಕಾರಕ್ಕೆ ಪಾಠ ಹೇಳಿದ್ದಾರೆ. ಗುರುದಕ್ಷಿಣೆ ಬಂದಿದೆಯೋ ಇಲ್ಲವೋ, ಅದು ಬೇರೆ ಮಾತು.

ಇಲ್ಲಿಂದ ನಮ್ಮ ತಕರಾರು ಶುರುವಾಗುತ್ತದೆ.

ಇದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಇನ್ನೊಂದು ಕೆಲಸ ಮಾಡಿತು. ಒಂದೇ ಸಲ ಎಣಿಸಿ ಹೋಗುವುದಲ್ಲ, ಐದು ವರ್ಷದಲ್ಲಿ ನಾಲ್ಕು ಸುತ್ತು ಅದೇ ಮನೆಗಳಿಗೆ ಹೋಗಿ ನೋಡುವುದು. ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಇಲ್ಲದ ಕಡೆ ಈ ರೋಗ ತನ್ನಷ್ಟಕ್ಕೆ ತಾನು ಏನು ಮಾಡುತ್ತದೆ ಅನ್ನುವುದು ತಿಳಿಯಬೇಕಿತ್ತು. ತಿಳಿಯಿತು. ಮೊದಲ ಸುತ್ತಿನಲ್ಲಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ 49 ಜನ ಐದು ವರ್ಷದೊಳಗೆ ಸತ್ತಿದ್ದರು. 18 ಜನ ಇನ್ನೂ ಕ್ರಿಮಿ ಉಗುಳುತ್ತಿದ್ದರು. ಉಳಿದ ಮೂರನೇ ಒಂದು ಪಾಲು ತಾವಾಗಿ ಗುಣವಾಗಿದ್ದರು. 1974ರಲ್ಲಿ ಇದು ಪ್ರಕಟವಾಯಿತು. ಅಲ್ಲಿಂದೀಚೆಗೆ ಕ್ಷಯದ ಬಗ್ಗೆ ಬರೆಯುವವರು, ಚಿಕಿತ್ಸೆ ಇಲ್ಲದಿದ್ದರೆ ಅರ್ಧ ಜನ ಐದು ವರ್ಷದಲ್ಲಿ ಸಾಯುತ್ತಾರೆ ಅನ್ನುವುದಕ್ಕೆ ಇದನ್ನೇ ತೋರಿಸುತ್ತಾ ಬಂದಿದ್ದಾರೆ.

ಐಸೋನಿಯಾಜಿಡ್ ಅನ್ನುವ ಅಗ್ಗದ ಮಾತ್ರೆ ಬಂದದ್ದು 1952ರಲ್ಲಿ. ಆ 49 ಜನರಲ್ಲಿ ಒಬ್ಬೊಬ್ಬರೂ ಸಾಯುವಾಗ ಮಾತ್ರೆ ಭೂಮಿಯ ಮೇಲೆ ಇತ್ತು.

ಬುದ್ಧ ಹೇಳಿದ ಒಂದು ದೃಷ್ಟಾಂತ ಇದೆ. ವಿಷದ ಬಾಣ ನಾಟಿದವನೊಬ್ಬ ಹಟ ಹಿಡಿಯುತ್ತಾನೆ. ಹೊಡೆದವನು ಯಾವ ಕುಲದವನು, ಬಿಲ್ಲು ಯಾವ ಮರದ್ದು, ಗರಿ ಯಾವ ಹಕ್ಕಿಯದು, ತಿಳಿಯುವ ತನಕ ಬಾಣ ಕೀಳಬೇಡಿ ಅನ್ನುತ್ತಾನೆ. ತಿಳಿಯುವ ಮೊದಲೇ ಸಾಯುತ್ತಾನೆ. ಆ ಕತೆಯಲ್ಲಿ ಕೇಳುವವನೂ ಬಾಣ ತಿಂದವನೂ ಒಬ್ಬನೇ. ನಮ್ಮ ಕತೆಯಲ್ಲಿ ಬಾಣ ನಾಟಿರುವುದು ಒಬ್ಬನಿಗೆ, ಗರಿಯ ಬಣ್ಣ ಬರೆದುಕೊಳ್ಳುತ್ತಿರುವುದು ಇನ್ನೊಬ್ಬ. ಬುದ್ಧನಿಗೂ ಹೊಳೆಯದ ಸ್ಥಿತಿ ಇದು.

ಅವರ ಪರವಾಗಿ ಹೇಳಬೇಕಾದದ್ದನ್ನೂ ಹೇಳೋಣ, ಇಲ್ಲದಿದ್ದರೆ ಇದು ಬರೀ ಭಾಷಣವಾಗುತ್ತದೆ. ದೇಶಕ್ಕೆಲ್ಲ ಸಾಲುವಷ್ಟು ಔಷಧವನ್ನು ಹಳ್ಳಿಗೆ ಮುಟ್ಟಿಸುವ ದಾರಿಯೇ ಆಗ ಇರಲಿಲ್ಲ. ಎಷ್ಟು ಜನ ರೋಗಿಗಳು, ಎಷ್ಟು ಜನ ಸಾಯುತ್ತಾರೆ ಅಂತ ಗೊತ್ತಿಲ್ಲದೆ ದುಡ್ಡು ಕೇಳಲು ಆಗುತ್ತಿರಲಿಲ್ಲ. ಆ ತಂಡದವರು ಬಿಸಿಲಲ್ಲಿ ಮನೆಮನೆ ತಿರುಗಿದವರು, ಕಟುಕರಲ್ಲ. ಮನುಷ್ಯರ ಮೇಲೆ ನಡೆಸುವ ಸಂಶೋಧನೆಗೆ ನೀತಿ ಹಾಕಿದ ಹೆಲ್ಸಿಂಕಿ ಘೋಷಣೆ ಬಂದದ್ದೇ 1964ರಲ್ಲಿ, ಕೆಲಸ ಶುರುವಾಗಿ ಮೂರು ವರ್ಷದ ಮೇಲೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ನೀತಿಯನ್ನು ಬರೆದದ್ದು 1980ರಲ್ಲಿ. ಎಲ್ಲ ಒಪ್ಪೋಣ. ಒಪ್ಪಿದ ಮೇಲೂ ಒಂದು ಉಳಿಯುತ್ತದೆ. ಎರಡನೇ ಸುತ್ತಿಗೆ ಬಾಗಿಲು ತಟ್ಟಿದವನಿಗೆ ಒಳಗಿರುವವನ ಎದೆಯಲ್ಲಿ ಏನಿದೆ ಅಂತ ಗೊತ್ತಿತ್ತು. ಗೊತ್ತಿಲ್ಲದವನ ಮೇಲೆ ಸಾಲ ಇಲ್ಲ. ಗೊತ್ತಾದ ಕ್ಷಣದಿಂದ ಸಾಲ ಶುರು. ಈ ಸಾಲವನ್ನು ಯಾವ ಘೋಷಣೆಯೂ ಹುಟ್ಟಿಸಬೇಕಾಗಿಲ್ಲ. ನಮ್ಮ ಹಟ್ಟಿಯಲ್ಲಿ ಓದು ಬಾರದ ಮುದುಕಿಯೂ ಬಾವಿಯ ದಡ ಕುಸಿದಿರುವುದನ್ನು ನೋಡಿದರೆ ದಾರಿಯಲ್ಲಿ ಬರುವವರಿಗೆ ಕೂಗಿ ಹೇಳುತ್ತಾಳೆ.

ಹಾಗಾದರೆ ಪ್ರಯೋಗ ಅನ್ನುವುದೇ ತಪ್ಪೇ? ಕೆಲವು ಗೆಳೆಯರು ಹಾಗೆ ವಾದಿಸುತ್ತಾರೆ. ಬಡವರು ಇಲಿಗಳಲ್ಲ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ನಾವು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಬ್ರಿಟನ್ನಿನಲ್ಲಿ ಯುದ್ಧ ಮುಗಿದಾಗ ಅಮೆರಿಕದಿಂದ ಸ್ಟ್ರೆಪ್ಟೋಮೈಸಿನ್ ಕೊಳ್ಳಲು ಡಾಲರ್ ಇರಲಿಲ್ಲ. ಸಿಕ್ಕಿದ ಚೂರು ಔಷಧ ಎಲ್ಲರಿಗೂ ಸಾಲದು. ಬ್ರಾಡ್‌ಫೋರ್ಡ್ ಹಿಲ್ ಎಂಬ ಲೆಕ್ಕಶಾಸ್ತ್ರಜ್ಞ ಒಂದು ಉಪಾಯ ಮಾಡಿದ. ಮುಚ್ಚಿದ ಲಕೋಟೆಗಳಲ್ಲಿ ಚೀಟಿ ಇಟ್ಟು, ಚೀಟಿ ಹೇಳಿದಂತೆ 55 ರೋಗಿಗಳಿಗೆ ಔಷಧ, 52 ಜನಕ್ಕೆ ಹಾಸಿಗೆಯ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧ ಸಿಕ್ಕವರಲ್ಲಿ ನಾಲ್ವರು ಸತ್ತರು, ಸಿಗದವರಲ್ಲಿ ಹದಿನಾಲ್ವರು. 1948ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ ಇವತ್ತಿನ ವೈದ್ಯಕೀಯ ಸಂಶೋಧನೆಯ ದಾರಿ ಶುರುವಾಯಿತು ಅನ್ನುತ್ತಾರೆ. ಆ 52 ಜನಕ್ಕೆ ತಾವು ಪರೀಕ್ಷೆಯಲ್ಲಿದ್ದೇವೆ ಅಂತಲೂ ಹೇಳಿರಲಿಲ್ಲ. ಅದು ತಪ್ಪು. ಆದರೆ ಲಕೋಟೆಯನ್ನು ನೋಡಿ. ಲಕೋಟೆಗೆ ಲಾರ್ಡ್ ಯಾರು, ಕೂಲಿ ಯಾರು ಅಂತ ಗೊತ್ತಿಲ್ಲ. ಜಾತಿ ಕೇಳುವುದಿಲ್ಲ, ಶಿಫಾರಸು ಪತ್ರ ನೋಡುವುದಿಲ್ಲ, ಎಮ್ಮೆಲ್ಲೆ ಫೋನು ಎತ್ತುವುದಿಲ್ಲ. ಔಷಧ ಸಾಲದೆ ಇರುವಾಗ ಇದಕ್ಕಿಂತ ನ್ಯಾಯವಾದ ಹಂಚಿಕೆ ಯಾವುದು? ಲಕೋಟೆ ಇಲ್ಲದೆ ಇದ್ದಿದ್ದರೆ ಔಷಧ ಯಾರಿಗೆ ಹೋಗುತ್ತಿತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮನ್ನು ಕಾಡುವ ಲಕೋಟೆ ಬೇರೆ. ಅದನ್ನು ಹುಟ್ಟುವಾಗಲೇ ಕೈಗಿಟ್ಟಿರುತ್ತಾರೆ. ಯಾವ ಕೇರಿ, ಯಾವ ತಾಲ್ಲೂಕು, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಎಷ್ಟು ಮೈಲಿ. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಎತ್ತಿ ತೋರಿಸಿತು. ಅವರು ಯಾವ ಪ್ರಯೋಗದ ಹೋಲಿಕೆಯ ಗುಂಪು? ಅವರ ಹತ್ತಿರ ಯಾರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು? ವಿಜ್ಞಾನಿಯೊಬ್ಬ ಚೀಟಿ ಎತ್ತಿದರೆ ನೀತಿ ಸಮಿತಿ ಕೂರುತ್ತದೆ. ಸಮಾಜ ದಿನಾ ಚೀಟಿ ಎತ್ತುತ್ತದೆ, ಯಾವ ಸಮಿತಿಯೂ ಕೂರುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2020ರ ಜೂನ್‌ನಲ್ಲಿ, ಬ್ರಿಟನ್ನಿನಲ್ಲಿ ಸಾವಿರಾರು ಕೊರೋನಾ ರೋಗಿಗಳನ್ನು ಹೀಗೇ ಚೀಟಿಯಿಂದ ಹಂಚಿ ನೋಡಿ, ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆ ಅಂತ ಕಂಡುಕೊಂಡರು. ಆ ಚೀಟಿಯ ಫಲ ಸಣ್ಣ ಊರುಗಳ ಆಸ್ಪತ್ರೆಗೂ ಬಂತು. ಆದ್ದರಿಂದ ನಮ್ಮ ಜಗಳ ಪ್ರಯೋಗದ ಜೊತೆ ಅಲ್ಲ.

ಜಗಳ ಎಲ್ಲಿ ಅಂದರೆ ಅನ್ನದ ಹತ್ತಿರ.

1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಒಂದು ಪ್ರಯೋಗ ಬಹಳ ದೊಡ್ಡದು. ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಿಟೋರಿಯಮ್ಮಿನಲ್ಲಿ ಹಾಲು ಮೊಟ್ಟೆ ಕೊಟ್ಟು ಮಲಗಿಸಿದರು, ಅರ್ಧ ಜನರಿಗೆ ಅವರ ಗುಡಿಸಲಲ್ಲೇ ಇರಲು ಹೇಳಿ ಮಾತ್ರೆ ಕೊಟ್ಟರು. ವರ್ಷದ ಮೇಲೆ ನೋಡಿದರೆ ಎರಡು ಕಡೆಯೂ ಗುಣವಾದವರು ಹೆಚ್ಚುಕಡಿಮೆ ಒಂದೇ. ಮನೆಯವರಿಗೆ ಅಂಟುವುದೂ ಹೆಚ್ಚಲಿಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತಿನಲ್ಲಿ ಸ್ಯಾನಿಟೋರಿಯಮ್ಮುಗಳ ಬಾಗಿಲು ಮುಚ್ಚುತ್ತಾ ಬಂದವು. ನಮ್ಮಂಥವರಿಗೆ ಅದು ಉಪಕಾರವೇ. ಕೂಲಿ ಬಿಟ್ಟು ವರ್ಷಗಟ್ಟಲೆ ಎಲ್ಲೋ ಮಲಗುವುದು ತಪ್ಪಿತು. ಇನ್ನೊಂದು ಉಪಕಾರವನ್ನು ಮಾತ್ರ ಹಟ್ಟಿಗೆ ಯಾರೂ ಮುಟ್ಟಿಸಲಿಲ್ಲ. ಮಾತ್ರೆ ನುಂಗುತ್ತಿರುವವನಿಗೆ ಬೇರೆ ತಟ್ಟೆ ಬೇಕಿಲ್ಲ, ಈ ರೋಗ ಗಾಳಿಯಲ್ಲಿ ಹರಡುತ್ತದೆ, ತಟ್ಟೆಯಲ್ಲಲ್ಲ ಅನ್ನುವ ಮಾತು. ಊರ ಹೋಟೆಲಿನಲ್ಲಿ ತನಗೆ ಇಟ್ಟ ಬೇರೆ ಲೋಟದ ವಿರುದ್ಧ ಜಗಳ ಆಡಿದ ಒಬ್ಬ ಹಿರಿಯ ನಮ್ಮ ಹಟ್ಟಿಯಲ್ಲಿದ್ದ. ಅವನಿಗೆ ಟೀಬಿ ಅಂತ ಗೊತ್ತಾದ ಮೇಲೆ ಅವನ ಮನೆಯಲ್ಲೇ ಅವನಿಗೆ ಬೇರೆ ಲೋಟ ಬಂತು. ಅದನ್ನು ಅವನು ಗೂಡಿನಲ್ಲಿ ತಾನೇ ತೊಳೆದಿಡುತ್ತಿದ್ದ. ‘ಈ ಜಗಳ ಯಾರತ್ರ ಆಡ್ಲಿ?’ ಅಂತ ಒಂದು ಸಲ ಕೇಳಿದ್ದ. (ಶಾಸ್ತ್ರದಲ್ಲಿ ಈ ರೋಗಕ್ಕೆ ರಾಜಯಕ್ಷ್ಮ ಅಂತ ಹೆಸರು. ಹೆಂಡತಿಯರಲ್ಲಿ ರೋಹಿಣಿಯನ್ನು ಮಾತ್ರ ಮೆಚ್ಚಿದ ಚಂದ್ರನಿಗೆ ಮಾವ ದಕ್ಷ ಕೊಟ್ಟ ಶಾಪವಂತೆ. ಚಂದ್ರನಿಗೆ ಯಾರೂ ಬೇರೆ ಲೋಟ ಇಟ್ಟ ಹಾಗೆ ಕಾಣುವುದಿಲ್ಲ.)

ಮದ್ರಾಸಿನ ಪಾಠದಿಂದ ಸರ್ಕಾರಗಳು ತಮಗೆ ಅನುಕೂಲವಾದ ಅರ್ಥ ತೆಗೆದವು. ಮಾತ್ರೆ ಸಾಕು, ಊಟದ ಮಾತು ಬೇಡ. ಹಸಿದವನೂ ಮಾತ್ರೆಯಿಂದ ಗುಣವಾಗಬಲ್ಲ ಅನ್ನುವುದು, ಹಸಿದವನು ಹಸಿದೇ ಇರಲಿ ಅಂತ ಆಯಿತು. ಹಸಿವಿನಿಂದಲೇ ರೋಗ ಬರುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ, ಅದನ್ನು ದಶಕಗಟ್ಟಲೆ ಸರಿಯಾಗಿ ಯಾರೂ ಕೇಳಲಿಲ್ಲ. ಕೇಳಿದವರು ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು. 2019ರಿಂದ ಜಾರ್ಖಂಡಿನಲ್ಲಿ 2,800 ರೋಗಿಗಳಿಗೂ ಆರು ತಿಂಗಳು ದಿನಸಿ ಕೊಟ್ಟರು. ಆ ರೋಗಿಗಳ ಮನೆಯವರು ಹತ್ತು ಸಾವಿರಕ್ಕೂ ಮೇಲೆ. ಅವರನ್ನು ಚೀಟಿಯಿಂದ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಲ್ಲಿ ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಸತ್ವದ ಮಾತ್ರೆ. ಇನ್ನೊಂದು ಗುಂಪಿನ ಮನೆಯವರಿಗೆ ಅದು ಇಲ್ಲ. 2023ರ ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಅಕ್ಕಿಬೇಳೆ ತಿಂದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಇಳಿದಿತ್ತು, ಶ್ವಾಸಕೋಶದ ಕ್ಷಯ ನೂರಕ್ಕೆ 48ರಷ್ಟು. ರೋಗಿಗಳಲ್ಲಿ ಐವರಿಗೆ ನಾಲ್ವರು ಚಿಕಿತ್ಸೆಗೆ ಬರುವಾಗಲೇ ತೂಕ ಕಳೆದುಕೊಂಡು ಒಣಗಿದ್ದವರು. ಅವರಲ್ಲಿ ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಏರಿಸಿಕೊಂಡವರಿಗೆ ಸಾವಿನ ಅಪಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಇದನ್ನು ಓದಿ ನಮ್ಮಲ್ಲಿ ಒಬ್ಬರು ಅತ್ತರು. ಇನ್ನೊಬ್ಬರು ಬೈದರು. ಅನ್ನ ತಿಂದರೆ ಕಾಯಿಲೆ ಬರೋದು ಕಮ್ಮಿ ಅಂತ ತಿಳಿಯಕ್ಕೆ ಹತ್ತು ಸಾವಿರ ಜನ ಬೇಕಿತ್ತೇನ್ರೀ? ನಮ್ಮವ್ವನ್ನ ಕೇಳಿದ್ರೆ ಹೇಳ್ತಿರ್ಲಿಲ್ವ? ಇಬ್ಬರೂ ಸರಿ. ಅವ್ವ ಹೇಳುತ್ತಿದ್ದಳು, ನಿಜ. ಅವ್ವನ ಮಾತಿಗೆ ಬಜೆಟ್ಟಿನಲ್ಲಿ ಕಾಲಂ ಇಲ್ಲ. ಅವಳ ಮಾತನ್ನು ಸರ್ಕಾರದ ಕಿವಿಗೆ ಹಾಕಲು ಅದನ್ನು ಲ್ಯಾನ್ಸೆಟ್ ಪತ್ರಿಕೆಯ ಭಾಷೆಗೆ ತಿರುಗಿಸಬೇಕಾಯಿತು. ಹಾಗೆ ತಿರುಗಿಸಲು ಒಂದಷ್ಟು ಮನೆಗಳು ಅಕ್ಕಿ ಇಲ್ಲದೆ ಇರಬೇಕಾಯಿತು. ಈ ಪಾಪ ಯಾರದು? ಭಾರ್ಗವ ಅವರದು ಅಂತ ನಾವು ಹೇಳಲಾರೆವು. ಆ ಮನೆಗಳ ಹಸಿವನ್ನು ಅವರು ತಂದದ್ದಲ್ಲ, ಅಲ್ಲಿ ಇದ್ದದ್ದನ್ನು ಕಂಡರು. ಆ ಮನೆಗಳ ರೋಗಿಗೆ ಅಕ್ಕಿಯನ್ನೂ ಕೊಟ್ಟರು. ಪಾಪ ಇರುವುದು ಹಸಿವಿಗೆ ಪುರಾವೆ ಕೇಳುವ ವ್ಯವಸ್ಥೆಯಲ್ಲಿ. ಪುರಾವೆ ಸಿಕ್ಕ ಮೇಲೂ ಸುಮ್ಮನಿರುವವನದು ಅದಕ್ಕಿಂತ ದೊಡ್ಡದು.

ಸುಮ್ಮನಿಲ್ಲ, ಕೊಡುತ್ತಿದ್ದೇವೆ ಅನ್ನುತ್ತಾರೆ. 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000. ಸರಿ, ಅದು ಹಕ್ಕು, ಬರಲಿ, ತಡವಾಗದೆ ಬರಲಿ. 2022ರಲ್ಲಿ ಇನ್ನೊಂದು ಬಂತು, ನಿಕ್ಷಯ್ ಮಿತ್ರ. ಅನುಕೂಲಸ್ಥರು, ಕಂಪನಿಗಳು, ಮುಖಂಡರು ರೋಗಿಗೆ ದಿನಸಿ ಚೀಲ ಕೊಡುವುದು. ಇಂಥ ಚೀಲ ಹಂಚುವ ಕಾರ್ಯಕ್ರಮಗಳ ಫೋಟೋಗಳನ್ನು ನೀವೆಲ್ಲ ನೋಡಿದ್ದೀರಿ. ಕೊಡುವವರು ಏಳು ಜನ ಸಾಲಾಗಿ ನಿಂತಿರುತ್ತಾರೆ, ನಡುವೆ ಚೀಲ ಹಿಡಿದವನು ತಲೆ ತಗ್ಗಿಸಿರುತ್ತಾನೆ. ನಾವು ಕೇಳುವುದು ಇಷ್ಟೆ. ರಿಫಾಂಪಿಸಿನ್ ಮಾತ್ರೆ ಕೊಡುವಾಗ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ, ತೊಗರಿಬೇಳೆ ಕೊಡುವಾಗ ಯಾಕೆ? ಬೇಳೆಯೂ ಔಷಧ ಅಂತ ಲೆಕ್ಕ ಸಾಬೀತು ಮಾಡಿ ಆಯಿತಲ್ಲ. ಔಷಧವನ್ನು ದಾನ ಅಂತ ಕರೆಯುವುದಿಲ್ಲ. ಕೊಡುವವನ ಕೈ ಮೇಲಿದ್ದಷ್ಟು ದಿನ ಅದು ಬಿಟ್ಟಿ ಚಾಕರಿಯ ಇನ್ನೊಂದು ಮುಖ. ಒಂದು ಕಾಲದಲ್ಲಿ ದುಡಿಮೆ ಬಿಟ್ಟಿ ತೆಗೆದುಕೊಂಡರು, ಈಗ ಮುಖವನ್ನು ಬಿಟ್ಟಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಲೆಕ್ಕ. 2019ರಿಂದ 2021ರ ನಡುವೆ ದೇಶದಾದ್ಯಂತ ನಡೆದ ಕ್ಷಯ ಸಮೀಕ್ಷೆಯಲ್ಲಿ ಲಕ್ಷಣ ಇದ್ದವರಲ್ಲಿ ನೂರಕ್ಕೆ ಸುಮಾರು 64 ಜನ ಚಿಕಿತ್ಸೆಗೆ ಹೋಗಿರಲಿಲ್ಲ. ಕಾರಣದ ಕಾಲಮ್ಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಿದ್ದ ಗುರುತು: ಲಕ್ಷಣವನ್ನು ನಿರ್ಲಕ್ಷಿಸಿದರು. ನಿರ್ಲಕ್ಷ್ಯ! ತುಮಕೂರಿನ ಪಾಠ ಮರೆತುಹೋಗಿದೆ ಅನ್ನುವುದಕ್ಕೆ ಈ ಒಂದು ಪದ ಸಾಕು. ಕಡ್ಲೆಕಾಯಿ ಕೀಳುವ ಸುಗ್ಗಿಯಲ್ಲಿ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಆಸ್ಪತ್ರೆಗೆ ಹೋದರೆ ‘ನಾಳೆ ಕಫ ತಗೊಂಡು ಬಾ’ ಅನ್ನಿಸಿಕೊಂಡು ಬಂದವನು, ಮುಂದಿನ ಸಲ ಹೋಗದಿದ್ದರೆ ಅದರ ಹೆಸರು ನಿರ್ಲಕ್ಷ್ಯವೇ? ಪಟ್ಟಿಯಲ್ಲಿ ಇದ್ದ ಉತ್ತರಗಳಲ್ಲಿ ಅವನ ಉತ್ತರ ಇತ್ತೇ? ಪ್ರಶ್ನೆ ಬರೆಯುವವನು ಯಾವ ಕೇರಿಯವನು ಅನ್ನುವುದೂ ವಿಜ್ಞಾನಕ್ಕೆ ಸಂಬಂಧಿಸಿದ ವಿಷಯ ಅಂತ ನಾವು ತಿಳಿದಿದ್ದೇವೆ. ಬ್ಯಾನರ್ಜಿ, ಆಂಡರ್ಸನ್ ದೊಡ್ಡವರಾದದ್ದು ಅವರ ಯಂತ್ರದಿಂದ ಅಲ್ಲ. ನಿನಗೆ ಏನಾಗುತ್ತಿದೆ, ನೀನು ಏನು ಮಾಡಿದೆ ಅಂತ ಕೇಳಿ, ಬಂದ ಉತ್ತರವನ್ನು ತಿದ್ದದೆ ಬರೆದುಕೊಂಡದ್ದರಿಂದ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ಒಂದು ಮಾತು. ಊರಿಗೆ ಸಂಶೋಧನೆ ಅಂತ ಯಾರಾದರೂ ಬಂದರೆ ಓಡಿಸಬೇಡಿ. ಕೂರಿಸಿ, ನೀರು ಕೊಡಿ. ಕೈಗೆ ಕೊಟ್ಟ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ, ಹಟ್ಟಿಗೆಲ್ಲ ಕೇಳುವ ಹಾಗೆ ಓದಿಸಿ. ಯಾರಿಗೆ ಕೊಡುತ್ತೀರಿ, ಯಾರಿಗೆ ಕೊಡುವುದಿಲ್ಲ, ಮುಗಿದ ಮೇಲೆ ಕೊಡದವರಿಗೆ ಕೊಡುತ್ತೀರಾ ಅಂತ ಕೇಳಿ. ಫಲಿತಾಂಶವನ್ನು ಇದೇ ಕಟ್ಟೆಯ ಮೇಲೆ ಕೂತು ಇದೇ ಭಾಷೆಯಲ್ಲಿ ಹೇಳುತ್ತೀರಾ ಅಂತ ಕೇಳಿ.

ಮೊನ್ನೆ ಮಿಡಿಗೇಶಿ ಹತ್ತಿರದ ಒಂದು ಹಟ್ಟಿಗೆ ಆಶಾ ಕಾರ್ಯಕರ್ತೆಯೊಬ್ಬಳು ಪಟ್ಟಿ ಹಿಡಿದು ಬಂದಿದ್ದಳು. ನಮ್ಮ ಕಡೆಯ ಹುಡುಗಿಯೇ. ಎರಡು ವಾರದಿಂದ ಕೆಮ್ಮು ಐತಾ, ಸಂಜೆ ಜ್ವರ ಬರ್ತೈತಾ, ತೂಕ ಇಳಿದೈತಾ ಅಂತ ಒಂದೊಂದೇ ಮನೆ ಕೇಳುತ್ತಾ ಬಂದಳು. ಹುಣಸೆ ಮರದ ಕೆಳಗೆ ಹುಣಸೆಹಣ್ಣು ಕುಟ್ಟುತ್ತಿದ್ದ ಮುದುಕಿ ಎಲ್ಲಕ್ಕೂ ಹೂಂ ಅಂದಳು. ಆಮೇಲೆ ಕಲ್ಲು ಕೆಳಗಿಟ್ಟು ಕೇಳಿದಳು, ‘ಬರ್ಕೊಂಡೆಯಲ್ಲ ತಾಯಿ, ತಿರುಗ ಯಾವಾಗ ಬತ್ತೀಯ?’

ಹುಡುಗಿ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. ಕಫದ ಡಬ್ಬಿ ಕೈಗೆ ಕೊಟ್ಟು, ಬುಧವಾರ ಬರ್ತೀನಿ ಅಜ್ಜಿ ಅಂದಳು. ಮುದುಕಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಇವತ್ತು ಸೋಮವಾರ.